ಕೀಫ್ರೇಮ್ ಮತ್ತು ಕನ್ನಡ ಅಕ್ಷರಚಲನೆ

ಚಲನೆಯ ಮುಖ್ಯ ಘಟ್ಟಗಳನ್ನು ಮಾತ್ರ ಕಲಾವಿದ ಗೊತ್ತುಮಾಡಿ, ನಡುವಿನದನ್ನೆಲ್ಲ ಗ್ರಾಫಿಕ್ಸ್ ತಂತ್ರಾಂಶದ ಲೆಕ್ಕಕ್ಕೆ ಬಿಡುವ ವಿಧಾನಕ್ಕೆ ಕೀಫ್ರೇಮ್ ಪದ್ಧತಿ ಎನ್ನುತ್ತಾರೆ. ಗೊತ್ತುಮಾಡಿದ ಆ ಘಟ್ಟಗಳೇ ಕೀಫ್ರೇಮ್‌ಗಳು. ಸಿನಿಮಾ ಶೀರ್ಷಿಕೆ, ಸುದ್ದಿವಾಹಿನಿಯ ಪಟ್ಟಿ, ಮದುವೆ ವಿಡಿಯೊದಲ್ಲಿ ತೇಲಿಬರುವ ವಧೂವರರ ಹೆಸರು, ಜಾತ್ರೆಯ ವಾಟ್ಸ್‌ಆ್ಯಪ್ ಸ್ಟೇಟಸ್ ಇವುಗಳಲ್ಲೆಲ್ಲ ಬರಹ ಕದಲುವುದು ಬಹುಮಟ್ಟಿಗೆ ಈ ಪದ್ಧತಿಯಿಂದಲೇ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಉಪಕರಣಗಳನ್ನು ಕನ್ನಡಕ್ಕೆ ಬಳಸುವಾಗ, ಚಲಿಸಬೇಕಾದ ಘಟಕ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಗುಣಿತ, ಒತ್ತು ಸೇರಿ ಒಂದಾದ ಅಕ್ಷರವೇ, ಅಥವಾ ಕಂಪ್ಯೂಟರಿನೊಳಗೆ ಅದನ್ನು ಹಿಡಿದಿಟ್ಟ ಬಿಡಿ ಸಂಕೇತವೇ? ಈ ಲೇಖನದಲ್ಲಿ ಪದ್ಧತಿಯ ಚರಿತ್ರೆ, ಲೆಕ್ಕಾಚಾರ ಮತ್ತು ಕನ್ನಡ ಲಿಪಿಯಲ್ಲಿ ಅದರ ನಡೆಯನ್ನು ಚಾಮರಾಜನಗರ, ಗುಂಡ್ಲುಪೇಟೆ ಎಂಬ ಎರಡು ಊರ ಹೆಸರುಗಳ ಮೂಲಕ ವಿವರಿಸಿದೆ. ಮೊದಲ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಎರಡನೆಯದರಲ್ಲಿರುವ ಒಂದೇ ಒಂದು ಒತ್ತಕ್ಷರ ತೊಡಕನ್ನೆಲ್ಲ ಬಯಲಿಗೆಳೆಯುತ್ತದೆ.

ಹಿನ್ನೆಲೆ

ಕೈಯಿಂದ ಬರೆದು ಕಾರ್ಟೂನ್ ಚಿತ್ರ ಮಾಡುತ್ತಿದ್ದ ಕಾಲದಲ್ಲೇ ಈ ಕ್ರಮ ಬೇರೂರಿತ್ತು. ಡಿಸ್ನಿಯಂಥ ಸ್ಟುಡಿಯೊಗಳಲ್ಲಿ ಹಿರಿಯ ಚಿತ್ರಕಾರರು ಚಲನೆಯ ತುದಿಗಳನ್ನು ಬರೆದುಕೊಟ್ಟರೆ, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುವುದರಿಂದ ಸಹಾಯಕರ ಪಾಲಿನ ಕೆಲಸವೇ ಹೆಚ್ಚು. ಆ ಪಾಲನ್ನು ಕಂಪ್ಯೂಟರಿಗೆ ವಹಿಸುವ ಪ್ರಯತ್ನಕ್ಕೆ 1960ರ ದಶಕದ ಕೊನೆಯಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೀನ್ ಕೈಹಾಕಿದರು. ಅವರ ವ್ಯವಸ್ಥೆಯನ್ನು ಬಳಸಿ ಪೀಟರ್ ಫೋಲ್ಡೆಸ್ ಮಾಡಿದ ಕಿರುಚಿತ್ರ 'ಹಂಗರ್' 1974ರ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಬಹುಮಾನ ಪಡೆಯಿತು. ಬರ್ಟ್‌ನಿಕ್ ಮತ್ತು ವೀನ್ ಅವರಿಗೆ 1997ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಸಾಧನೆ ಪ್ರಶಸ್ತಿ ಸಂದಿತು.

ಬರಹವನ್ನೇ ಪಾತ್ರದಂತೆ ನಡೆಸುವ ಕಲೆಗೆ ಹೆಸರು ತಂದವರಲ್ಲಿ ಸಾಲ್ ಬಾಸ್ ಮುಖ್ಯರು. 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್' (1955), 'ನಾರ್ತ್ ಬೈ ನಾರ್ತ್‌ವೆಸ್ಟ್' (1959), 'ಸೈಕೊ' (1960) ಚಿತ್ರಗಳ ಶೀರ್ಷಿಕೆಗಳಲ್ಲಿ ಹೆಸರುಗಳು ಬರುವ ರೀತಿಯೇ ಕಥೆಯ ಧಾಟಿಯನ್ನು ಸೂಚಿಸುತ್ತದೆ. ಭಾರತದಲ್ಲಿ 1956ರಲ್ಲಿ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗ ಆರಂಭವಾಯಿತು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಇಲ್ಲಿನ ಕಲಾವಿದರಿಗೆ ತರಬೇತಿ ನೀಡಿದರು. ಹಾಗೆ ಬಂದ 'ದಿ ಬನಿಯನ್ ಡೀರ್' ಚಿತ್ರ 1957ರದು.

ಕನ್ನಡದಲ್ಲಿ 'ಸತಿ ಸುಲೋಚನ'ದಿಂದ (1934) ಮೊದಲಾದ ವಾಕ್ಚಿತ್ರಗಳ ಕಾಲದಲ್ಲಿ ಶೀರ್ಷಿಕೆ ಎಂದರೆ ಕಲಾವಿದನ ಕುಂಚದ ಕೆಲಸ. ಕಾರ್ಡಿನ ಮೇಲೆ ಬರೆದುದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕಿತ್ತು. ಅಕ್ಷರದ ರೂಪದ ಬಗ್ಗೆ ಆಗ ತಕರಾರು ಬರುತ್ತಿರಲಿಲ್ಲ, ಏಕೆಂದರೆ ಬರೆಯುವ ಕೈಗೆ ಒತ್ತು ಎಲ್ಲಿ ಕೂರಬೇಕೆಂಬುದು ಗೊತ್ತಿತ್ತು. ಬೆಂಗಳೂರು ದೂರದರ್ಶನ (1981), ಉದಯ ಟಿವಿ (1994), ಟಿವಿ9 ಕನ್ನಡ (2006) ಬರುತ್ತ ಹೋದಂತೆ ಪರದೆಯ ಮೇಲಿನ ಕನ್ನಡ ಕಂಪ್ಯೂಟರಿನ ಕೆಲಸವಾಯಿತು. ತೊಡಕೂ ಅದರೊಂದಿಗೇ ಬಂತು.

ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿರುವ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶ 1993ರ ಜನವರಿಯಲ್ಲಿ ಕೋಸಾ ಎಂಬ ಅಮೆರಿಕನ್ ಕಂಪನಿಯಿಂದ ಹೊರಬಂತು. ಅದೇ ವರ್ಷ ಆಲ್ಡಸ್ ಕಂಪನಿಯ ಕೈಸೇರಿ, 1994ರಲ್ಲಿ ಅಡೋಬಿಯ ಪಾಲಾಯಿತು. ಬರಹದ ಒಂದೊಂದು ಅಕ್ಷರವನ್ನೂ ಪ್ರತ್ಯೇಕವಾಗಿ ನಡೆಸುವ ಸೌಲಭ್ಯ ಅದಕ್ಕೆ ಸೇರಿದ್ದು 2003ರ 6.0 ಆವೃತ್ತಿಯಲ್ಲಿ. 2002ರಲ್ಲಿ ಮುಕ್ತ ತಂತ್ರಾಂಶವಾದ ಬ್ಲೆಂಡರ್, ಎರಡು ಆಯಾಮದ ಚಿತ್ರಗಳಿಗೆಂದಿರುವ ಸಿನ್ಫಿಗ್, ವಿಡಿಯೊ ಸಂಕಲನದ ಕೆಡೆನ್‌ಲೈವ್, ಮೊಬೈಲಿನ ಅಲೈಟ್ ಮೋಷನ್ ಮತ್ತು ಕೈನ್‌ಮಾಸ್ಟರ್‌ಗಳಲ್ಲೂ ಕೀಫ್ರೇಮ್ ಇದೆ. ವೆಬ್ ಪುಟಗಳ ಶೈಲಿಭಾಷೆಯಾದ ಸಿಎಸ್‌ಎಸ್‌ನಲ್ಲಿ ಇದೇ ಕಲ್ಪನೆಯ ಕರಡು 2009ರಲ್ಲಿ ಪ್ರಕಟವಾಯಿತು.

ಕೆಲಸ ಮಾಡುವ ಬಗೆ

ಪ್ರತಿ ಕೀಫ್ರೇಮ್‌ನಲ್ಲಿ ಮೂರು ಸಂಗತಿಗಳಿರುತ್ತವೆ: ಯಾವ ಗುಣ, ಯಾವ ಹೊತ್ತಿನಲ್ಲಿ, ಎಷ್ಟು ಬೆಲೆ. ಬರಹಕ್ಕೆ ಸಾಮಾನ್ಯವಾಗಿ ಕೀಫ್ರೇಮ್ ಹಾಕುವ ಗುಣಗಳೆಂದರೆ ಸ್ಥಾನ, ಗಾತ್ರ, ತಿರುಗುವಿಕೆ, ಒಪಾಸಿಟಿ (ಅಪಾರದರ್ಶಕತೆ), ಬಣ್ಣ, ಅಕ್ಷರಗಳ ನಡುವಿನ ಅಂತರ ಮತ್ತು ಮಾಸ್ಕ್ (ಬರಹದ ಎಷ್ಟು ಭಾಗ ಕಾಣಬೇಕೆಂದು ಗೊತ್ತುಮಾಡುವ ಆವರಣ). ಟೈಮ್‌ಲೈನ್‌ನಲ್ಲಿ ಪ್ಲೇಹೆಡ್ ಎಂಬ ಕಾಲಸೂಚಕವನ್ನು ಒಂದು ಕಡೆ ನಿಲ್ಲಿಸಿ ಬೆಲೆ ಕೊಟ್ಟು, ಮುಂದೆ ಸರಿಸಿ ಇನ್ನೊಂದು ಬೆಲೆ ಕೊಟ್ಟರೆ ನಡುವಿನದನ್ನು ತಂತ್ರಾಂಶ ತುಂಬಿಕೊಳ್ಳುತ್ತದೆ.

ಭಾರತದ ಟಿವಿ ಪದ್ಧತಿಯಂತೆ ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ 'ಚಾಮರಾಜನಗರ' ಎಂಬ ಹೆಸರು ಒಂದು ಸೆಕೆಂಡಿನಲ್ಲಿ ಎಡದಿಂದ ಬಲಕ್ಕೆ 500 ಪಿಕ್ಸೆಲ್ ಸರಿಯಬೇಕು ಎನ್ನಿ. 0ನೇ ಫ್ರೇಮ್‌ನಲ್ಲಿ ಸ್ಥಾನ 200, 25ನೇ ಫ್ರೇಮ್‌ನಲ್ಲಿ 700. ಸಮವೇಗದಲ್ಲಿ ಹೋದರೆ ಪ್ರತಿ ಫ್ರೇಮ್‌ಗೆ 20 ಪಿಕ್ಸೆಲ್‌ನಂತೆ 5ನೇ ಫ್ರೇಮ್‌ನಲ್ಲಿ 300, 10ನೆಯದರಲ್ಲಿ 400, 20ನೆಯದರಲ್ಲಿ 600 ಆಗುತ್ತದೆ. ಇಂಥ ಚಲನೆ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವುದರಿಂದ ಕಣ್ಣಿಗೆ ಒರಟು. ಹಾಗಾಗಿ ಮೆಲ್ಲಗೆ ಹೊರಟು, ನಡುವೆ ವೇಗ ಪಡೆದು, ಮೆಲ್ಲಗೆ ನಿಲ್ಲುವಂತೆ ಮಾಡುತ್ತಾರೆ. ಇದು ಈಸಿಂಗ್. ಇದರ ಒಂದು ಸರಳ ಸೂತ್ರದಲ್ಲಿ, ಕಳೆದ ಕಾಲದ ಭಾಗವನ್ನು ತೆಗೆದುಕೊಂಡು ಅದರ ವರ್ಗದ ಮೂರರಷ್ಟರಿಂದ ಘನದ ಎರಡರಷ್ಟನ್ನು ಕಳೆಯುತ್ತಾರೆ. ಆಗ ಅದೇ ಹೆಸರು 5ನೇ ಫ್ರೇಮ್‌ನಲ್ಲಿ 252, 10ನೆಯದರಲ್ಲಿ 376, 20ನೆಯದರಲ್ಲಿ 648ರಲ್ಲಿ ಇರುತ್ತದೆ. ಹೊರಡುವುದೂ ತಲಪುವುದೂ ಅದೇ ಜಾಗ, ಅದೇ ಹೊತ್ತು. ದಾರಿಯ ನಡೆ ಮಾತ್ರ ಬೇರೆ.

ಹೆಚ್ಚಿನ ತಂತ್ರಾಂಶಗಳು ಈ ನಡೆಯನ್ನು ಬೆಜಿಯೆ ವಕ್ರರೇಖೆಯಾಗಿ ತೋರಿಸುತ್ತವೆ. ಕಾರಿನ ಮೈಯ ಬಾಗುಗಳನ್ನು ಲೆಕ್ಕದಲ್ಲಿ ಹಿಡಿಯಲು ರೆನೋ ಕಂಪನಿಯ ಪಿಯರ್ ಬೆಜಿಯೆ ಮತ್ತು ಸಿಟ್ರೊಯೆನ್ನಿನ ಪಾಲ್ ದ ಕಾಸ್ಟೆಲ್ಜೊ ಪ್ರತ್ಯೇಕವಾಗಿ ರೂಪಿಸಿದ ಗಣಿತವಿದು. ಹಿಡಿಗಳನ್ನು ಎಳೆದು ರೇಖೆ ಬಾಗಿಸಿದಂತೆ ವೇಗ ಬದಲಾಗುತ್ತದೆ. ಸಿಎಸ್‌ಎಸ್‌ನಲ್ಲಿ ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವ ಸಿದ್ಧ ರೇಖೆಯ ನಾಲ್ಕು ಸಂಖ್ಯೆಗಳು 0.42, 0, 0.58, 1. ನಡುವೆ ಏನನ್ನೂ ತುಂಬದೆ ಮುಂದಿನ ಕೀಫ್ರೇಮ್‌ವರೆಗೆ ಬೆಲೆಯನ್ನು ಹಾಗೇ ಹಿಡಿದಿಡುವುದಕ್ಕೆ ಹೋಲ್ಡ್ ಎನ್ನುತ್ತಾರೆ. ಮಿನುಗುವ ಬರಹಕ್ಕೂ ಟೈಪ್ ಮಾಡಿದಂತೆ ಕಾಣುವ ಬರಹಕ್ಕೂ ಅದು ಬೇಕು.

ಅಕ್ಷರದ ಎಣಿಕೆ: 13, 11, 5, 4

ಇಡೀ ಸಾಲು ಅಥವಾ ಇಡೀ ಪದ ಚಲಿಸುವವರೆಗೆ ಲಿಪಿ ಯಾವುದಾದರೂ ಒಂದೇ. ಅಕ್ಷರಗಳು ಒಂದರ ಹಿಂದೆ ಒಂದು ಬರಬೇಕಾದಾಗ ತಂತ್ರಾಂಶ ಪದವನ್ನು ಒಡೆಯಬೇಕಾಗುತ್ತದೆ. 'ಚಾಮರಾಜನಗರ' ಓದುಗನ ಎಣಿಕೆಯಲ್ಲಿ ಏಳು ಅಕ್ಷರ: ಚಾ, ಮ, ರಾ, ಜ, ನ, ಗ, ರ. ಕಂಪ್ಯೂಟರಿನಲ್ಲಿ ಲಿಪಿಗಳನ್ನು ಹಿಡಿದಿಡುವ ಸಂಕೇತಕ್ರಮವಾದ ಯೂನಿಕೋಡ್‌ನಲ್ಲಿ ಎರಡು ಇಳಿಗಳಿಗೆ (ಆ ಕಾರದ ಚಿಹ್ನೆಗಳಿಗೆ) ಪ್ರತ್ಯೇಕ ಸಂಕೇತ ಇರುವುದರಿಂದ ಅದು 9 ಸಂಕೇತ. ವ್ಯತ್ಯಾಸ ಸಣ್ಣದು. 'ಗುಂಡ್ಲುಪೇಟೆ'ಯಲ್ಲಿ ಹಾಗಲ್ಲ. ಯಾರು ಎಣಿಸುತ್ತಾರೆ ಎಂಬುದರ ಮೇಲೆ ಇಲ್ಲಿ ನಾಲ್ಕು ಉತ್ತರ ಸಿಗುತ್ತವೆ.

ಓದುಗನ ಎಣಿಕೆ 4: ಗುಂ, ಡ್ಲು, ಪೇ, ಟೆ.

ಯೂನಿಕೋಡ್ ಸಂಕೇತಗಳು 11: ಗ, ಕೊಂಬು, ಸೊನ್ನೆ, ಡ, ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ಲ, ಕೊಂಬು, ಪ, ದೀರ್ಘಸಹಿತ ಏತ್ವ, ಟ, ಏತ್ವ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡ ಇದೆ. ಒತ್ತಕ್ಷರಗಳಿಗೆ ಅಲ್ಲಿ ಬೇರೆ ಸಂಕೇತ ಇಲ್ಲ. ವ್ಯಂಜನ, ವಿರಾಮ, ವ್ಯಂಜನ ಒಟ್ಟಿಗೆ ಬಂದಾಗ ಎರಡನೆಯದನ್ನು ಒತ್ತಾಗಿ ಇಳಿಸುವುದು ಫಾಂಟು ಮತ್ತು ಅಕ್ಷರ ಜೋಡಣೆಯ ಯಂತ್ರದ ಹೊಣೆ.

ಯೂನಿಕೋಡ್‌ನ ಸಾಮಾನ್ಯ ವಿಂಗಡಣೆ ನಿಯಮದ ಪ್ರಕಾರ ಒಟ್ಟಿಗೆ ಉಳಿಯುವ ಸಂಕೇತಗಳ ಗೊಂಚಲುಗಳು 5: ಗುಂ, ಡ್, ಲು, ಪೇ, ಟೆ. ಗುಣಿತಗಳನ್ನು ಈ ನಿಯಮ ವ್ಯಂಜನಕ್ಕೆ ಸರಿಯಾಗಿ ಅಂಟಿಸುತ್ತದೆ, ಆದರೆ ವಿರಾಮದ ಬಳಿಕ ತುಂಡರಿಸುತ್ತದೆ. 2023ರ 15.1 ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಸೇರಿತಾದರೂ ಅದರ ವ್ಯಾಪ್ತಿಗೆ ಬಂದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ನುಡಿಯಂಥ ಹಳೆಯ ಫಾಂಟುಗಳಲ್ಲಿ ತುಂಡುಗಳು 13. ಯೂನಿಕೋಡ್ ಹರಡುವ ಮೊದಲು ಶೇಷಾದ್ರಿವಾಸು ಅವರ 'ಬರಹ' (1998) ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಇಲ್ಲಿ ತುಂಡುಗಳು ಹೀಗೆ: ಗ ಕಾರದ ಒಡಲು, ತಲೆಕಟ್ಟು, ಕೊಂಬು, ಸೊನ್ನೆ. ಡ ಕಾರದ ಒಡಲು, ತಲೆಕಟ್ಟು, ಕೊಂಬು, ಲ ಒತ್ತು. ಪ ಕಾರದ ಒಡಲು, ಏತ್ವ, ದೀರ್ಘ. ಟ ಕಾರದ ಒಡಲು, ಏತ್ವ. ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದ ಹಳೆಯ ವಿಡಿಯೊ ತಂತ್ರಾಂಶದಲ್ಲೂ ಇವು ಕೆಡದೆ ಕಾಣುತ್ತವೆ. ಸ್ಟುಡಿಯೊಗಳವರು ಯೂನಿಕೋಡ್ ಬರಹವನ್ನು ಮತ್ತೆ ನುಡಿಗೆ ಕನ್ವರ್ಟ್ ಮಾಡಿಕೊಂಡು ಕೆಲಸ ಮಾಡುವುದು ಇದರಿಂದಲೇ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ.

ಎಣಿಕೆ ತಪ್ಪಿದರೆ ಕಾಲವೂ ತಪ್ಪುತ್ತದೆ. ಒಂದೊಂದು ಘಟಕ 12 ಫ್ರೇಮ್‌ನಲ್ಲಿ ಮೂಡಬೇಕು, ಒಂದಕ್ಕೂ ಮುಂದಿನದಕ್ಕೂ 3 ಫ್ರೇಮ್ ಅಂತರವಿರಬೇಕು ಎಂದಿಟ್ಟುಕೊಂಡರೆ, ನಾಲ್ಕು ಅಕ್ಷರಗಳ 'ಗುಂಡ್ಲುಪೇಟೆ' 21 ಫ್ರೇಮ್‌ನಲ್ಲಿ, ಅಂದರೆ 0.84 ಸೆಕೆಂಡಿನಲ್ಲಿ ಪೂರ್ತಿಯಾಗುತ್ತದೆ. 11 ಸಂಕೇತವಾಗಿ ಒಡೆದರೆ 42 ಫ್ರೇಮ್, 13 ತುಂಡಾದರೆ 48 ಫ್ರೇಮ್. ಏಳಕ್ಷರದ 'ಚಾಮರಾಜನಗರ' ಸರಿಯಾಗಿ ಒಡೆದಾಗ 30 ಫ್ರೇಮ್ ಸಾಕು. ಅಂದರೆ ತಪ್ಪು ಎಣಿಕೆಯಲ್ಲಿ ಚಿಕ್ಕ ಹೆಸರೇ ದೊಡ್ಡ ಹೆಸರಿಗಿಂತ ತಡವಾಗಿ ಮುಗಿಯುತ್ತದೆ. ಎರಡೂ ಊರು ಒಟ್ಟಿಗೆ ಮೂಡಿ ಒಟ್ಟಿಗೆ ನಿಲ್ಲಬೇಕಾದರೆ ಗುಂಡ್ಲುಪೇಟೆಯ ಅಂತರವನ್ನು 6 ಫ್ರೇಮ್ ಮಾಡಬೇಕು. ಆಗ ಅದೂ 30ರಲ್ಲಿ ಮುಗಿಯುತ್ತದೆ.

ಪರದೆಯ ಮೇಲೆ ಕಾಣುವ ದೋಷಗಳು

ಟೈಪ್ ಮಾಡಿದಂತೆ ಬರಹ ಮೂಡಿಸುವ ಎಫೆಕ್ಟ್‌ನಲ್ಲಿ ದೋಷ ಎದ್ದು ಕಾಣುತ್ತದೆ. ಸಂಕೇತಗಳ ಕ್ರಮದಲ್ಲಿ ಹೋದರೆ ಪರದೆಯ ಮೇಲೆ ಕ್ರಮವಾಗಿ ಗ, ಗು, ಗುಂ, ಗುಂಡ, ಗುಂಡ್, ಗುಂಡ್ಲ, ಗುಂಡ್ಲು ಎಂದು ಬರುತ್ತದೆ. ಊರ ಹೆಸರಿಗೆ ಕಾಯುತ್ತಿದ್ದವನಿಗೆ ಮೊದಲು 'ಗುಂಡ' ಸಿಗುತ್ತಾನೆ. ಮರುಗಳಿಗೆಯಲ್ಲೇ ಡ ಕಾರದ ತಲೆಕಟ್ಟು ಬದಲಾಗಿ, ಆಮೇಲೆ ಕೆಳಗೆ ಒತ್ತು ಇಳಿದು, ಕೊನೆಗೆ ಪಕ್ಕದಲ್ಲಿ ಕೊಂಬು ಏಳುತ್ತದೆ. ಅರ್ಕಾವತ್ತು ಇದ್ದಲ್ಲಿ ಜಿಗಿತ ಇನ್ನೂ ಜೋರು. 'ಕರ್ನಾಟಕ' ಎಂಬಲ್ಲಿ ಮೊದಲು ಪೂರ್ತಿ ರ ಕಾರ ಮೂಡಿ, ನ ಕಾರ ಬಂದೊಡನೆ ಅದರ ಬಲಕ್ಕೆ ಹಾರಿ ಅರ್ಕಾವತ್ತಾಗಿ ಕೂರುತ್ತದೆ.

ಪ್ರತಿ ಸಂಕೇತವನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ನಡೆಸುವ ತಂತ್ರಾಂಶಗಳಲ್ಲಿ ಕೊಂಬು, ಏತ್ವಗಳು ಆಸರೆ ಕಳೆದುಕೊಂಡು ಚುಕ್ಕೆಗಳ ವೃತ್ತದ ಜೊತೆ ಕಾಣಿಸಿಕೊಳ್ಳುತ್ತವೆ. ಐದು ಗೊಂಚಲಾಗಿ ಒಡೆದರೆ ಈ ವೃತ್ತಗಳು ಬಾರವು. ಆದರೆ ಡ್ ಮತ್ತು ಲು ಅಕ್ಕಪಕ್ಕ ಬಿಡಿಬಿಡಿಯಾಗಿ ನಿಂತು ಕಾಗುಣಿತವೇ ಬದಲಾಗುತ್ತದೆ. ಎಲ್ಲ ಚಲನೆ ಮುಗಿದ ಮೇಲೂ ಅದು ಸರಿಹೋಗುವುದಿಲ್ಲ.

ಅಕ್ಷರಗಳ ನಡುವಿನ ಅಂತರಕ್ಕೆ ಕೀಫ್ರೇಮ್ ಹಾಕಿ ಹೆಸರನ್ನು ಹಿಗ್ಗಿಸುವುದು ಸಿನಿಮಾ ಶೀರ್ಷಿಕೆಗಳಲ್ಲಿ ಸಾಮಾನ್ಯ. ಕನ್ನಡದಲ್ಲಿ ದೀರ್ಘಚಿಹ್ನೆ ವ್ಯಂಜನದ ಬಲಕ್ಕೆ ಜಾಗ ಹಿಡಿದು ನಿಲ್ಲುತ್ತದೆ. ಅಂತರ ಹೆಚ್ಚಿದಂತೆ ಅದು ಕಳಚಿಕೊಂಡರೆ 'ಪೇಟೆ'ಯ ಮೊದಲಕ್ಷರ 'ಪೆ' ಎಂದು ಓದಿಸಿಕೊಳ್ಳುತ್ತದೆ. ಒತ್ತು ಕೂಡ ತನ್ನ ವ್ಯಂಜನದಡಿಯಿಂದ ಬಲಕ್ಕೆ ಜಾರುತ್ತದೆ.

ಮಾಸ್ಕ್‌ನದು ಬೇರೆ ತೊಂದರೆ. ಬರಹ ಪಟ್ಟಿಯೊಂದರ ಹಿಂದಿನಿಂದ ಮೇಲೇಳುವಂತೆ ಮಾಡಲು ಚೌಕಾಕಾರದ ಮಾಸ್ಕ್ ಹಾಕುತ್ತಾರೆ. ರೋಮನ್ ದೊಡ್ಡಕ್ಷರಗಳ ಎತ್ತರಕ್ಕೆ ಅಳೆದ ಮಾಸ್ಕ್‌ನಲ್ಲಿ 'ಚಾಮರಾಜನಗರ' ಹೇಗೋ ಹಿಡಿಸುತ್ತದೆ. 'ಹಿಮವದ್ ಗೋಪಾಲಸ್ವಾಮಿ ಬೆಟ್ಟ' ಎಂದು ಬರೆದರೆ ವ ಒತ್ತು, ಟ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ಸಾಲಿನ ಕೆಳಗೆ ಒತ್ತಿಗೆ ಬೇಕಾದಷ್ಟು ಜಾಗ ಬಿಟ್ಟು ಮಾಸ್ಕ್ ಅಳೆಯುವುದು ಮತ್ತು ಸಾಲುಗಳ ಅಂತರ ಹೆಚ್ಚಿಸುವುದು ಕನ್ನಡಕ್ಕೆ ಅನಿವಾರ್ಯ.

ಪರಿಹಾರಗಳು

ಅತ್ಯಂತ ಸುಲಭದ ದಾರಿ ಎಂದರೆ ಪದವನ್ನೇ ಘಟಕ ಮಾಡಿಕೊಳ್ಳುವುದು. ಆಫ್ಟರ್ ಎಫೆಕ್ಟ್ಸ್‌ನ ಬರಹ ಚಲನೆಯಲ್ಲಿ ಅಕ್ಷರ, ಪದ, ಸಾಲು ಎಂಬ ಆಯ್ಕೆಗಳಿವೆ. ಪದ ಎಂದು ಆರಿಸಿದರೆ ಒತ್ತಕ್ಷರ ಒಡೆಯುವ ಭಯವಿಲ್ಲ. ಎಡದಿಂದ ಬಲಕ್ಕೆ ಸರಿಯುವ ಮಾಸ್ಕ್‌ನಿಂದ ಹೆಸರನ್ನು ತೆರೆದು ತೋರಿಸುವುದು ಇನ್ನೊಂದು ದಾರಿ. ಇಲ್ಲಿ ಪದ ಮೊದಲೇ ಪೂರ್ತಿ ಜೋಡಣೆಯಾಗಿರುತ್ತದೆ, ಕಾಣುವ ಭಾಗವಷ್ಟೇ ಬೆಳೆಯುತ್ತದೆ.

ಅಕ್ಷರಗಳೇ ಒಂದೊಂದಾಗಿ ಬರಬೇಕೆಂದರೆ ಬರಹವನ್ನು ಆಕಾರಗಳಾಗಿ ಪರಿವರ್ತಿಸಿ, ಒಡಲು, ಗುಣಿತ, ಒತ್ತು ಮೂರನ್ನೂ ಸೇರಿಸಿ ಗುಂಪು ಮಾಡಿ, ಗುಂಪಿಗೆ ಕೀಫ್ರೇಮ್ ಹಾಕಬೇಕು. ಡ ಕಾರ, ಲ ಒತ್ತು, ಕೊಂಬು ಸೇರಿ ಒಂದು ಗುಂಪು. ಗುಂಪಿನ ತಿರುಗುವ ಕೇಂದ್ರವನ್ನು ಒಡಲಿನ ನಡುವೆ ಇಡಬೇಕು. ಒತ್ತನ್ನೂ ಸೇರಿಸಿ ತಂತ್ರಾಂಶವೇ ಲೆಕ್ಕ ಹಾಕಿದ ಕೇಂದ್ರ ಕೆಳಕ್ಕೆ ಇಳಿದಿರುವುದರಿಂದ ಆ ಒಂದು ಅಕ್ಷರ ಮಾತ್ರ ಪಕ್ಕದವುಗಳಿಗಿಂತ ಬೇರೆ ತರಹ ವಾಲುತ್ತದೆ. ಆಕಾರವಾದ ಮೇಲೆ ಬರಹ ತಿದ್ದಲು ಬಾರದು. ಆದ್ದರಿಂದ ಕಾಗುಣಿತ ನೋಡಿ ಮುಗಿಸಿದ ಮೇಲೆಯೇ ಈ ಹಂತಕ್ಕೆ ಹೋಗುವುದು ವಾಡಿಕೆ.

ಅಕ್ಷರದ ದಪ್ಪವನ್ನೇ ಕೀಫ್ರೇಮ್‌ಗೆ ಒಳಪಡಿಸುವ ದಾರಿಯೂ ಈಗ ತೆರೆದಿದೆ. 2016ರಲ್ಲಿ ಅಡೋಬಿ, ಆಪಲ್, ಗೂಗಲ್, ಮೈಕ್ರೊಸಾಫ್ಟ್ ಒಟ್ಟಾಗಿ ಘೋಷಿಸಿದ ವೇರಿಯೆಬಲ್ ಫಾಂಟ್ ತಂತ್ರದಲ್ಲಿ ಒಂದೇ ಕಡತದೊಳಗೆ ಹಲವು ದಪ್ಪಗಳು ಇರುತ್ತವೆ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ ಫಾಂಟಿನಲ್ಲಿ ದಪ್ಪ 100ರಿಂದ 800ರವರೆಗೂ ಅಗಲ 75ರಿಂದ 125ರವರೆಗೂ ಬದಲಾಗುತ್ತದೆ. ದಪ್ಪಕ್ಕೆ ಎರಡು ಕೀಫ್ರೇಮ್ ಹಾಕಿದರೆ ತೆಳ್ಳಗಿನ ಹೆಸರು ಒತ್ತು, ಗುಣಿತಗಳ ಸಮೇತ ತುಂಬಿಕೊಳ್ಳುತ್ತದೆ. ಪದವನ್ನು ಒಡೆಯುವ ಪ್ರಮೇಯವೇ ಬರುವುದಿಲ್ಲ.

ಚಾಮರಾಜನಗರ–ಗುಂಡ್ಲುಪೇಟೆ ಭಾಗದ ಬಳಕೆ

ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟಿತು. ಇಂಥ ಊರುಗಳಲ್ಲಿ ಅಕ್ಷರಚಲನೆಗೆ ದೊಡ್ಡ ಗಿರಾಕಿ ಸಿನಿಮಾ ಅಲ್ಲ. ಮದುವೆ, ಬೀಗರ ಔತಣ, ಗೃಹಪ್ರವೇಶ, ಶ್ರದ್ಧಾಂಜಲಿ, ಚುನಾವಣೆ, ಜಾತ್ರೆ. ಚಾಮರಾಜೇಶ್ವರನ ಆಷಾಢದ ರಥೋತ್ಸವ, ಮಲೆ ಮಹದೇಶ್ವರ ಬೆಟ್ಟದ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳ ಶುಭಾಶಯ ವಿಡಿಯೊಗಳು ಮೊಬೈಲಿನಲ್ಲೇ ತಯಾರಾಗಿ ಮೊಬೈಲಿನಲ್ಲೇ ಹರಡುತ್ತವೆ. ಈ ದೇವರ ಹೆಸರುಗಳಲ್ಲೆಲ್ಲ 'ಶ್ವ' ಎಂಬ ಒತ್ತಕ್ಷರ ಇದೆ. ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಚಾಮರಾಜನಗರ, ಯಳಂದೂರು, ಹನೂರು ಒತ್ತಿಲ್ಲದವು. ಗುಂಡ್ಲುಪೇಟೆ, ಕೊಳ್ಳೇಗಾಲ ಒತ್ತುಳ್ಳವು. ಐದು ಹೆಸರನ್ನೂ ಒಂದೇ ಪರದೆಯಲ್ಲಿ ನಡೆಸಿ ನೋಡಿದರೆ ಯಾವುದೇ ಆ್ಯಪ್ ಕನ್ನಡಕ್ಕೆ ಆಗಿಬರುತ್ತದೋ ಇಲ್ಲವೋ ಎಂಬುದು ತಿಳಿದುಹೋಗುತ್ತದೆ. ಒತ್ತಿಲ್ಲದ 'ಬಂಡೀಪುರ', 'ತೆರಕಣಾಂಬಿ' ಎಂದಷ್ಟೇ ಬರೆದು ಪರೀಕ್ಷಿಸಿದರೆ ದೋಷ ಸಿಗದೆ ಹೋಗಬಹುದು.

ಚರಿತ್ರೆಯ ವಿಡಿಯೊಗಳಲ್ಲಿ ಹಳೆಯ ಹೆಸರು ಹೊಸದಾಗಿ ಮಾರ್ಪಡುವುದನ್ನು ತೋರಿಸುವ ಆಸೆ ಸಹಜ. ಚಾಮರಾಜನಗರಕ್ಕೆ ಮೊದಲು ಅರಿಕುಠಾರ ಎಂಬ ಹೆಸರಿತ್ತು. ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು ಈಗಿನ ಹೆಸರಿಟ್ಟರು. 'ಅರಿಕುಠಾರ' ಐದು ಅಕ್ಷರ, 'ಚಾಮರಾಜನಗರ' ಏಳು. ಅಕ್ಷರಕ್ಕೆ ಅಕ್ಷರ ಕರಗಿಸಲು ಹೋದರೆ ಎರಡು ಅಕ್ಷರಗಳಿಗೆ ಜೋಡಿ ಇರುವುದಿಲ್ಲ, ನಡುವಿನ ಫ್ರೇಮ್‌ಗಳಲ್ಲಿ ಯಾವ ಲಿಪಿಗೂ ಸೇರದ ಆಕಾರಗಳು ಏಳುತ್ತವೆ. ಹಳೆಯ ಹೆಸರಿನ ಒಪಾಸಿಟಿ 100ರಿಂದ 0ಗೆ ಇಳಿಯುವಾಗ ಹೊಸದರದು 0ರಿಂದ 100ಕ್ಕೆ ಏರುವಂತೆ ನಾಲ್ಕು ಕೀಫ್ರೇಮ್ ಹಾಕುವುದೇ ಓದಲು ಹಿತ.

ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ವಯನಾಡಿನ ಮೂಲಕ ಕೋಳಿಕ್ಕೋಡಿಗೆ ಹೋಗುತ್ತದೆ. ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿದಾಗ ಕೇರಳದ ಪ್ರವಾಸಿಗಳು ಬಂದು ನಿಲ್ಲುವ ಊರಿದು. ಹಾಗಾಗಿ ಪ್ರವಾಸಿಗಳಿಗೆಂದು ಮಾಡುವ ವಿಡಿಯೊಗಳಲ್ಲಿ ಕನ್ನಡದೊಂದಿಗೆ ಮಲಯಾಳಂ, ತಮಿಳು ಬರಹವೂ ಬೇಕಾಗಬಹುದು. ಆ ಎರಡು ಲಿಪಿಗಳಲ್ಲಿ ಎ, ಏ ಸ್ವರಚಿಹ್ನೆಗಳು ವ್ಯಂಜನದ ಎಡಕ್ಕೆ ಬರುತ್ತವೆ, ಸಂಕೇತದಲ್ಲಿ ಮಾತ್ರ ವ್ಯಂಜನದ ನಂತರವೇ ಇರುತ್ತವೆ. ಟೈಪ್ ಮಾಡುವ ಎಫೆಕ್ಟ್‌ನಲ್ಲಿ ಮೊದಲು ಬಂದ ವ್ಯಂಜನ ಬಲಕ್ಕೆ ಸರಿದು ಚಿಹ್ನೆಗೆ ಜಾಗ ಬಿಡಬೇಕಾಗುತ್ತದೆ. ಕನ್ನಡಕ್ಕೆ ಹಾಕಿದ ಕೀಫ್ರೇಮ್‌ಗಳನ್ನು ನಕಲು ಮಾಡಿ ಬರಹವನ್ನಷ್ಟೇ ಬದಲಿಸಿದರೆ ಸಾಲದು. ಲಿಪಿಗೊಂದರಂತೆ ಘಟಕ ಮತ್ತು ಅಂತರವನ್ನು ಮತ್ತೆ ನೋಡಬೇಕು.

ಓದುವ ಹೊತ್ತು ಮತ್ತು ಕಣ್ಣಿನ ಸುರಕ್ಷೆ

ಬರಹ ಬಂದು ನಿಂತ ಮೇಲೆ ಅದನ್ನು ಸಾವಕಾಶವಾಗಿ ಎರಡು ಸಲ ಓದುವಷ್ಟು ಹೊತ್ತು ಕದಲದೆ ಇರಬೇಕೆಂಬುದು ಶೀರ್ಷಿಕೆ ಮಾಡುವವರ ಅಳತೆ. ಚಲಿಸುತ್ತಿರುವ ಹೊತ್ತು ಈ ಲೆಕ್ಕಕ್ಕೆ ಸೇರದು. ಕನ್ನಡದ ಸಮಾಸಪದಗಳು ಉದ್ದವಾಗಿರುವುದರಿಂದ ಇಂಗ್ಲಿಷ್ ಟೆಂಪ್ಲೇಟಿನ ಕಾಲಾವಧಿ ಅನೇಕ ವೇಳೆ ಸಾಲದು. ಮಿನುಗುವ ಬರಹಕ್ಕೆ ಅಂತರರಾಷ್ಟ್ರೀಯ ವೆಬ್ ಸುಗಮ್ಯತೆಯ ಮಾರ್ಗಸೂಚಿ ಒಂದು ಮಿತಿ ಹಾಕಿದೆ: ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಝಗಝಗಿಸಬಾರದು, ಏಕೆಂದರೆ ಕೆಲವರಲ್ಲಿ ಅದು ಮೂರ್ಛೆ ತರಬಲ್ಲದು. ಚಲನೆ ಬೇಡವೆಂದು ಫೋನಿನಲ್ಲಿ ಗೊತ್ತುಮಾಡಿದ ಓದುಗನಿಗೆ ವೆಬ್ ಪುಟ ಸ್ಥಿರ ಬರಹವನ್ನೇ ತೋರಿಸುವಂತೆ ಮಾಡಲೂ ಸಾಧ್ಯ.

ಕಡತ ಮತ್ತು ಸಂಗ್ರಹ

ಕೆಲಸ ಮುಗಿದ ಮೇಲೆ ವಿಡಿಯೊ ಹೊರತೆಗೆಯುವಾಗ ಫ್ರೇಮ್‌ಗಳ ವೇಗ ಬದಲಿಸಬಾರದು. 25ರಲ್ಲಿ ಕೀಫ್ರೇಮ್ ಹಾಕಿ 30ರಲ್ಲಿ ಹೊರತೆಗೆದರೆ ತಂತ್ರಾಂಶ ಕೆಲವು ಫ್ರೇಮ್‌ಗಳನ್ನು ಎರಡು ಸಲ ತೋರಿಸಿ, ಸರಾಗವಾಗಿ ಸರಿಯುತ್ತಿದ್ದ ಬರಹ ತಡವರಿಸಬಹುದು. ಮೊಬೈಲಿಗೆಂದೇ ಮಾಡುವುದಾದರೆ ಮೊದಲಿನಿಂದ 30 ಇಟ್ಟುಕೊಳ್ಳುವುದು ಲೇಸು. ವಿಡಿಯೊ ಒಮ್ಮೆ ಹೊರಬಂದ ಮೇಲೆ ಅದರೊಳಗಿನ ಹೆಸರು ಬರಿಯ ಚಿತ್ರ. ಹುಡುಕಿದರೆ ಸಿಗದು, ತಿದ್ದಲೂ ಆಗದು. ಮುಂದಿನ ವರ್ಷದ ರಥೋತ್ಸವಕ್ಕೆ ದಿನಾಂಕವಷ್ಟೇ ಬದಲಿಸಿ ಬಳಸಬೇಕೆಂದಿದ್ದರೆ ತಂತ್ರಾಂಶದ ಮೂಲ ಕಡತ, ಬಳಸಿದ ಫಾಂಟು, ಯೂನಿಕೋಡ್‌ನಲ್ಲಿರುವ ಶುದ್ಧ ಬರಹ ಮೂರನ್ನೂ ವಿಡಿಯೊದ ಜೊತೆಯಲ್ಲೇ ಇಡಬೇಕು. ನುಡಿಗೆ ಪರಿವರ್ತಿಸಿದ ಅಥವಾ ಆಕಾರವಾಗಿಸಿದ ಪ್ರತಿ ಇವುಗಳಿಗೆ ಬದಲಿಯಾಗಲಾರದು.